ಕೊಳೆ ಹುಡುಕಹೋಗಿ ಕಾಫಿ ಸಿಕ್ಕಿತು

ಓದುಗರ ಪ್ರಶ್ನೆ, ನಿವೃತ್ತ ಗ್ರಂಥಪಾಲಕನ ಉತ್ತರ

ಹೋದ ಸಲ ನಾನೇ ಒಂದು ಪ್ರಶ್ನೆ ಕೇಳಿದ್ದೆ: ಗೂಗಲ್‌ನಲ್ಲಿ ಹುಡುಕಿ ಏನು ಕಲಿತಿರಿ, ಎಲ್ಲಿ ತೊಡಕಾಯಿತು? ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಮಳೆಗಾಲ ಹತ್ತಿರ ಬಂದಿದೆ, ಅದನ್ನು ಬರೆದ ತಾಯಿಗೆ ಇದು ಈಗಲೇ ಬೇಕು.

*ಮೂರು ಎಕರೆ ಅಡಿಕೆ ತೋಟವಿದೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಏಳನೇ ಕ್ಲಾಸು. ಕೊಳೆರೋಗದ ಬಗ್ಗೆ ಮೊಬೈಲಿನಲ್ಲಿ ನೋಡಿದರೆ ಔಷಧ ಮಾರುವವರ ವಿಡಿಯೋಗಳೇ ಬರುತ್ತವೆ, ಒಬ್ಬೊಬ್ಬರದು ಒಂದೊಂದು ಮಾತು. ನನ್ನಂಥವಳು ಇದರಿಂದ ಕಲಿಯಲಿಕ್ಕೆ ಆಗುತ್ತದೆಯೇ?*
— ಹೆಸರು ಬೇಡವೆಂದವರು, ಸಾಗರ ತಾಲ್ಲೂಕು

ಆಗುತ್ತದೆ ಅಮ್ಮಾ. ಮೊದಲು ನಾನು ಪೆಟ್ಟು ತಿಂದ ಕಥೆ ಕೇಳಿ.

ನಾಲ್ಕು ವರ್ಷದ ಹಿಂದೆ ಜೂನ್ ತಿಂಗಳು, ನಮ್ಮ ಭಾವನ ಮನೆ ಜಗಲಿಯಲ್ಲಿ ಕೂತಿದ್ದೆ. ಭಾವನ ತೋಟಕ್ಕೆ ಕೊಳೆ, ಅಂದರೆ ಮಳೆಯಲ್ಲಿ ಅಡಿಕೆಕಾಯಿ ಕೊಳೆತು ಉದುರುವ ರೋಗ, ಬಿದ್ದಿತ್ತು. ಮೂವತ್ತು ವರ್ಷ ಲೈಬ್ರರಿ ನಡೆಸಿದವನೆಂಬ ಜಂಬ ನನಗೆ. ಮೊಬೈಲ್ ತೆಗೆದು ಇಂಗ್ಲಿಷ್ ಅಕ್ಷರದಲ್ಲಿ ‘ಕೊಳೆರೋಗ’ ಎಂದು ಬರೆದೆ, ಮೊದಲು ಬಂದದ್ದನ್ನು ಕನ್ನಡಕ್ಕೆ ತಿರುಗಿಸುತ್ತಾ ಗಟ್ಟಿಯಾಗಿ ಓದಿದೆ: ‘ಎಲೆ ಕಪ್ಪಾಗಿ ಕೊಳೆತು, ಬೂಸ್ಟಿನ ಎಳೆಯಲ್ಲಿ ಕೊಂಬೆಗೆ ಜೋತಾಡುತ್ತಿರುತ್ತದೆ...’ ಭಾವ ಬಾಯಲ್ಲಿದ್ದ ಕವಳ ಉಗಿದು ಬಂದು ಕೇಳಿದರು, “ಅಡಿಕೆ ಮರಕ್ಕೆ ಕೊಂಬೆ ಎಲ್ಲಿಂದ ಬಂತೋ ಮಾರಾಯ?”

ನಾನು ಓದುತ್ತಿದ್ದದ್ದು ಕಾಫಿಯ ಕೊಳೆರೋಗ. ಆಮೇಲೆ ಅವಮಾನಕ್ಕೇ ಕೂತು ಹುಡುಕಿದೆ. ಎಂ.ಸಿ. ಕುಕ್ ಎಂಬ ಇಂಗ್ಲೆಂಡಿನ ಶಿಲೀಂಧ್ರ ತಜ್ಞ 1876ರಲ್ಲಿ ಕಾಫಿ ಗಿಡದ ಕೊಳೆಗೆ ಕಾರಣವಾದ ಬೂಸ್ಟಿಗೆ ನಮ್ಮ ಕನ್ನಡದ ಮಾತನ್ನೇ ಹೆಸರಾಗಿ ಇಟ್ಟುಬಿಟ್ಟಿದ್ದ: ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಅಡಿಕೆಯ ಕೊಳೆ ಬೇರೆಯೇ ಜೀವಿಯದು, ಅದಕ್ಕೆ ಫೈಟಾಫ್ತೊರಾ ಎನ್ನುತ್ತಾರೆ. ಆ ಹೆಸರು ಹಿಡಿದು ಹೋದರೆ ಐರ್ಲೆಂಡಿಗೆ ತಲುಪುತ್ತೀರಿ. 1845ರಲ್ಲಿ ಅಲ್ಲಿ ಆಲೂಗಡ್ಡೆ ಕೊಳೆಸಿ ಜನರನ್ನು ಬರಗಾಲಕ್ಕೆ ದೂಡಿದ್ದು ಇದರದೇ ದಾಯಾದಿ. ರಾತ್ರಿ ಹನ್ನೊಂದಾದರೂ ನಾನು ಐರ್ಲೆಂಡಿನಲ್ಲೇ ಇದ್ದೆ. ಭಾವನ ತೋಟ ಮರೆತೇಹೋಗಿತ್ತು. ಇದೂ ಒಂದು ರೋಗ, ಆದರೆ ನಷ್ಟವಿಲ್ಲದ್ದು.

ನೀವು ಮಾಡಬೇಕಾದದ್ದು ಇಷ್ಟು. ‘ಕೊಳೆರೋಗ’ ಎಂಬ ಒಂದೇ ಪದ ಬರೆದರೆ ಯಂತ್ರಕ್ಕೆ ನಿಮ್ಮ ತೋಟ ಕಾಣುವುದಿಲ್ಲ. ‘ಅಡಿಕೆ ಕೊಳೆರೋಗ ಬೋರ್ಡೋ ದ್ರಾವಣ ತಯಾರಿ’ ಎಂದು ಬರೆಯಿರಿ. ಬೋರ್ಡೋ ಎಂದರೆ ಕೊಳೆಗೆ ಸಿಂಪಡಿಸುವ ಮೈಲುತುತ್ತ, ಸುಣ್ಣದ ದ್ರಾವಣ. ಇಂಗ್ಲಿಷಿನಲ್ಲಿ ಹುಡುಕುವಾಗ ಕಾಫಿ ಅಡ್ಡ ಬಂದರೆ, ಕೊನೆಯಲ್ಲಿ ಕಾಫಿ ಎಂಬ ಪದ ಬರೆದು, ಅದರ ಎಡಕ್ಕೆ ಜಾಗ ಬಿಡದೆ ಒಂದು ಅಡ್ಡಗೆರೆ, ಅಂದರೆ ಕಳೆಯುವ ಚಿಹ್ನೆ, ಹಾಕಿ (-coffee). ಕಾಫಿಯ ಪುಟಗಳು ಹಿಂದೆ ಸರಿಯುತ್ತವೆ. ಔಷಧ ಮಾರುವವರನ್ನು ದಾಟಬೇಕಾದರೆ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಅಂಟಿಸಿದ ಹಾಗೆ ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟು, ‘ಜಿಒವಿ ಡಾಟ್ ಐಎನ್’ ಸೇರಿಸಿ (site:gov.in). ಆಗ ಸರಕಾರದ ಪುಟಗಳಷ್ಟೇ ಬರುತ್ತವೆ. ವಿಟ್ಲದಲ್ಲಿ ಪ್ರಾದೇಶಿಕ ಕೇಂದ್ರವಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ಆ ಸಾಲಿನಲ್ಲಿ ಸಿಗುತ್ತದೆ. ‘ಪ್ರಾಯೋಜಿತ’ ಎಂದು ಬರೆದಿರುವುದೆಲ್ಲ ದುಡ್ಡು ಕೊಟ್ಟು ಮೇಲೆ ಕೂತವರು.

ಹೀಗೆ ಹುಡುಕಿದರೆ ಎಲ್ಲ ಕಡೆಯೂ ಸಿಗುವ ಲೆಕ್ಕ ಒಂದೇ: ಶೇಕಡಾ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನ ಬಿಟ್ಟು. ಇದು ಮರ ಹತ್ತುವ ನಿಮ್ಮ ಕೊನೆಗಾರನಿಗೂ ಗೊತ್ತಿರುತ್ತದೆ. ಗೊತ್ತಿಲ್ಲದಿರಬಹುದಾದದ್ದು ಒಂದು: ದ್ರಾವಣ ಸರಿಯಾಯಿತೋ ಇಲ್ಲವೋ ನೋಡಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಕಟ್ಟಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಭಾವನ ಮನೆಯ ಮೆಟ್ಟುಗತ್ತಿಯಲ್ಲಿ ನಾನು ಇದನ್ನು ಮಾಡಿ ನೋಡಿದೆ. ಮೊದಲ ಸಲ ತುದಿಗೆ ಕೆಂಪು ಬಂತು. ಸುಣ್ಣ ಹಳೆಯದು, ಗಾಳಿಗೆ ಸತ್ತುಹೋಗಿತ್ತು. ಮೊಬೈಲು ಹೇಳಿದ್ದನ್ನು ಕತ್ತಿ ಒಪ್ಪಿತು, ಅವತ್ತಿನಿಂದ ಭಾವನಿಗೂ ನನ್ನ ಮೇಲೆ ಅರ್ಧ ನಂಬಿಕೆ ಬಂದಿದೆ.

ಮೂರು ಪುಟದಲ್ಲಿ ಒಂದೇ ವಾಕ್ಯ ಅಕ್ಷರವೂ ಬದಲಾಗದೆ ಇದ್ದರೆ ಅದನ್ನು ಮೂರು ಸಾಕ್ಷಿ ಎಂದು ಎಣಿಸಬೇಡಿ, ಒಬ್ಬನದನ್ನು ಇಬ್ಬರು ನಕಲು ಮಾಡಿದ್ದಾರೆ ಅಷ್ಟೇ. ಹುಡುಕುವಾಗ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಉತ್ತರಕ್ಕಿಂತ ಹೊಸದಾಗಿ ಸಿಕ್ಕ ಪದಗಳನ್ನು ಬರೆದಿಡಿ. ನಾಳೆ ಹುಡುಕಲು ಅವೇ ಬೇಕಾಗುವುದು. ‘ಫೈಟಾಫ್ತೊರಾ’ ಸಿಗದಿದ್ದರೆ 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆಯ ಮೇಲೆ ಬರೆದ ವರದಿಯ ಸುಳಿವು ನನಗೆ ಸಿಗುತ್ತಿರಲಿಲ್ಲ. ನೂರು ವರ್ಷದ ಹಿಂದೆ ಕೆನಡಾದಿಂದ ಬಂದು ನಮ್ಮ ತೋಟಗಳಲ್ಲಿ ತಿರುಗಾಡಿದ ಮನುಷ್ಯ ಆತ.

*ಪಿಯುಸಿ ಓದುವ ಮಗ ಎಲ್ಲದಕ್ಕೂ ಗೂಗಲ್ ಕೇಳುತ್ತಾನೆ, ಉತ್ತರ ಓದಿ ಮೊಬೈಲ್ ಆರಿಸುತ್ತಾನೆ. ಕೇಳಿದರೆ ‘ಕಲಿತೆ’ ಅನ್ನುತ್ತಾನೆ. ಇದು ಕಲಿಕೆಯೇ?*
— ಒಬ್ಬ ತಂದೆ, ದಾವಣಗೆರೆ

ಅವನು ಏನು ಕೇಳುತ್ತಾನೆ ಎಂಬುದರ ಮೇಲೆ ಹೋಗುತ್ತದೆ ಸ್ವಾಮಿ. ಜೋಗದ ಎತ್ತರ ಎಷ್ಟು ಎಂದರೆ 253 ಮೀಟರ್ ಎಂದು ಬರುತ್ತದೆ, ಅಲ್ಲಿಗೆ ಮುಗಿಯಿತು. ‘ಬೇಸಿಗೆಯಲ್ಲಿ ಜೋಗದಲ್ಲಿ ನೀರು ಯಾಕೆ ಇರುವುದಿಲ್ಲ’ ಎಂದು ಕೇಳಲು ಹೇಳಿ. ಶರಾವತಿಯ ನೀರು ತಡೆಹಿಡಿದ ಲಿಂಗನಮಕ್ಕಿ ಅಣೆಕಟ್ಟು ಬರುತ್ತದೆ, ಅದು 1964ರದು. ಅದರ ಹಿನ್ನೀರಿನಲ್ಲಿ ಮುಳುಗಿದ ಮಡೆನೂರು ಅಣೆಕಟ್ಟು ಬರುತ್ತದೆ, ನೀರು ತೀರಾ ಇಳಿದ ವರ್ಷಗಳಲ್ಲಿ ಅದು ತಲೆ ಎತ್ತುತ್ತದೆ. ಆಮೇಲೆ ಮುಳುಗಡೆಯ ಊರುಗಳು, ಎದ್ದುಹೋದ ಜನ. ಒಂದು ಸಂಜೆಗೆ ಅಷ್ಟು ಸಾಕು.

ಈಗ ಉತ್ತರದ ತಲೆಯ ಮೇಲೆ ಎಐ ಬರೆದ ಸಾರಾಂಶ ಬೇರೆ ಬರುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಐದು ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು ‘ಓದುಗನ ಸಮಯ ಉಳಿಸು’ ಎಂಬುದು, 1931ರದ್ದು. ನಾವೆಲ್ಲ ಅದನ್ನು ಬಾಯಿಪಾಠ ಮಾಡಿದವರು. ಈ ಸಾರಾಂಶ ನೋಡಿದಾಗ ಸಮಯವನ್ನು ಅತಿಯಾಗಿ ಉಳಿಸಿದರೂ ಕಷ್ಟವೇ ಅನಿಸುತ್ತದೆ. ಹುಡುಗ ಅದನ್ನು ಓದಲಿ, ಓದಿದ ಮೇಲೆ ಕೆಳಗಿನ ಒಂದು ಪುಟವನ್ನಾದರೂ ತೆರೆಯಲಿ. ಅಪ್ಪನಾಗಿ ನೀವು ಕೇಳಬೇಕಾದ ಪ್ರಶ್ನೆ ಒಂದೇ: “ಇದನ್ನು ಬರೆದವರು ಯಾರು?”

*ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಸಿಕ್ಕಿದರೂ ಸುದ್ದಿಯೇ. ಇಂಗ್ಲಿಷ್ ಕಲಿಯದೆ ಗತಿ ಇಲ್ಲವೇ?*
— ನಿವೃತ್ತ ಶಿಕ್ಷಕಿ, ಗದಗ

ಇದೆ ಮೇಡಂ, ಆದರೆ ಬೇಸರದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬರೆದಿಟ್ಟದ್ದು ಕಡಿಮೆಯೇನಲ್ಲ, ಯಂತ್ರಕ್ಕೆ ಕಾಣುವುದು ಕಡಿಮೆ. ಎಷ್ಟೋ ಹಳೆಯ ಪಿಡಿಎಫ್‌ಗಳು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ನಮ್ಮ ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ಮುದ್ದೆ. ಬೇಕಾದರೆ ಅಂಥ ಪಿಡಿಎಫ್‌ನ ಒಂದು ಸಾಲನ್ನು ನಕಲು ಮಾಡಿ ವಾಟ್ಸ್ಯಾಪಿನಲ್ಲಿ ಅಂಟಿಸಿ, ಬಣ್ಣ ಬಯಲಾಗುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಬರೆದದ್ದನ್ನು ಮಾತ್ರ ಅದು ಕನ್ನಡವೆಂದು ಗುರುತಿಸುತ್ತದೆ. ಹಾಗಾಗಿ ಹಳೆಯ ಪುಸ್ತಕ ಹುಡುಕುವಾಗ ಒಳಗಿನ ವಾಕ್ಯ ಬಿಟ್ಟು ಪುಸ್ತಕದ ಹೆಸರು, ಲೇಖಕರ ಹೆಸರಿನಿಂದ ಹೋಗಿ. ಹಳೆಯ ಪುಸ್ತಕಗಳನ್ನು ಉಚಿತವಾಗಿ ಇಟ್ಟಿರುವ ಜಾಲತಾಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುವುದೂ ಉಂಟು, ಎರಡೂ ಬರೆದು ನೋಡಿ.

ಎರಡನೆಯದು ಕಾಗುಣಿತ. ಅಡಿಕೆ, ಅಡಕೆ ಎರಡೂ ನಮಗೆ ಒಂದೇ. ‘ಅಡಕೆ’ ಎಂದು ಬರೆದರೆ ಮೊದಲು ಬರುವ ಪುಟಗಳು ಬೇರೆಯಿರಬಹುದು. ನಾನು ಲೈಬ್ರರಿಯಲ್ಲಿ ಇದಕ್ಕೇ ಪ್ರತ್ಯೇಕ ಕಾರ್ಡು ಬರೆಯುತ್ತಿದ್ದೆ: ‘ಅಡಕೆ — ಅಡಿಕೆ ನೋಡಿ’. ಮರದ ಡ್ರಾಯರಿನಲ್ಲಿ ಅಂಥ ಸಾವಿರ ಕಾರ್ಡುಗಳಿದ್ದವು, ಹೆಚ್ಚಿನವನ್ನು ಓದುಗರು ನೋಡುತ್ತಲೇ ಇರಲಿಲ್ಲ, ನೇರ ನನ್ನನ್ನೇ ಕೇಳುತ್ತಿದ್ದರು. ಈಗ ಆ ಕಾರ್ಡು ನೀವೇ ಆಗಬೇಕು. ಒಂದು ರೂಪದಲ್ಲಿ ಸಿಗದಿದ್ದರೆ ಇನ್ನೊಂದು, ಶಿಷ್ಟ ಪದದಲ್ಲಿ ಸಿಗದಿದ್ದರೆ ಊರಿನ ಪದ. ಪದ ಸಿಕ್ಕಿ ಅರ್ಥ ತಿಳಿಯದಿದ್ದರೆ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ಆನ್‌ಲೈನ್ ನಿಘಂಟು ನೋಡಿ, ಒಂದೂವರೆ ಲಕ್ಷ ಪದಗಳಿವೆ. ವಿ. ಕೃಷ್ಣ ಎಂಬವರು ದಶಕಗಟ್ಟಲೆ ಕೂತು ಮಾಡಿದ್ದು, 2019ರಿಂದ ಎಲ್ಲರಿಗೂ ಮುಕ್ತ. ಅಲ್ಲಿ ಸಿಕ್ಕ ಇಂಗ್ಲಿಷ್ ಪದ ಹಾಕಿ ಇಂಗ್ಲಿಷ್ ಪುಟ ತೆರೆದು ಕನ್ನಡಕ್ಕೆ ಅನುವಾದಿಸಿಕೊಳ್ಳಬಹುದು. ಅನುವಾದ ಒಮ್ಮೊಮ್ಮೆ ನಗಿಸುತ್ತದೆ, ಅಂಕಿಗಳು ಇದ್ದಲ್ಲಿ ಮಾತ್ರ ಮೂಲವನ್ನು ಒಮ್ಮೆ ನೋಡಿಬಿಡಿ.

*ಟೈಪ್ ಮಾಡಲು ಬಾರದು. ಮೈಕ್ ಒತ್ತಿ ‘ಕೊಳೆ’ ಎಂದರೆ ಅದು ‘ಕೊಲೆ’ ಎಂದು ಬರೆದುಕೊಂಡು ಪೊಲೀಸ್ ಸುದ್ದಿ ತೋರಿಸುತ್ತದೆ!*
— ಕೃಷಿಕ, ತೀರ್ಥಹಳ್ಳಿ

ಒಂಟಿ ಪದ ಹೇಳಬೇಡಿ. “ಅಡಿಕೆ ಮರಕ್ಕೆ ಕೊಳೆ ರೋಗ ಬಂದರೆ ಏನು ಮಾಡಬೇಕು” ಎಂದು ಮನೆಯಲ್ಲಿ ಮಾತಾಡಿದ ಹಾಗೆ ಪೂರ್ತಿ ಹೇಳಿ, ಸುತ್ತಲ ಪದ ಹಿಡಿದು ಯಂತ್ರ ತಿದ್ದಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗೂ ಕೊಲೆಯೇ ಬಂದರೆ ಆ ಒಂದು ಅಕ್ಷರವನ್ನಷ್ಟೇ ಬೆರಳಿನಲ್ಲಿ ತಿದ್ದಿ. ನಮ್ಮ ಭಾವ ಅದನ್ನೂ ಮಾಡುವುದಿಲ್ಲ, ನನಗೆ ಫೋನ್ ಮಾಡುತ್ತಾರೆ.