ಲಿಂಕ್ ಒಂದೇ, ತೆರೆಯುವ ಆಪ್ ಬೇರೆ ಬೇರೆ: ಆಳಂದದ ಕಾಕಾ ಕೇಳಿದ್ದಕ್ಕೆ ಉತ್ತರ

ಕಾಕಾ, ನಮಸ್ಕಾರ. ತೊಗರಿಯ ನೆಟೆ ರೋಗದ ಬಗ್ಗೆ ಗುಂಪಿಗೆ ಬಂದ ಪಿಡಿಎಫ್ ಒತ್ತಿದರೆ ನಿಮ್ಮ ಫೋನಿನಲ್ಲಿ ಜಾಹೀರಾತು ತುಂಬಿದ ಯಾವುದೋ ಆಪ್ ತೆರೆದುಕೊಳ್ಳುತ್ತದೆ, ಮಗನ ಫೋನಿನಲ್ಲಿ ಸೀದಾ ಪುಟವೇ ಕಾಣುತ್ತದೆ. ಬೀಜೋಪಚಾರದ ಇನ್ನೊಂದು ಲಿಂಕ್ ಒತ್ತಿದರೆ ಇಬ್ಬರ ಫೋನಿನಲ್ಲೂ ಓದಲಾಗದ ಅಕ್ಷರಗಳ ರಾಶಿ ಬರುತ್ತದೆ ಎಂದು ಬರೆದಿದ್ದೀರಿ. ಹೊಸ ಫೋನ್ ಕೊಳ್ಳಿ ಎಂದು ಮೇಲೆ ಇಬ್ಬರು ಸಲಹೆ ಕೊಟ್ಟಿದ್ದಾರೆ. ತೊಗರಿ ಮಾರಿದ ದುಡ್ಡನ್ನು ಅದಕ್ಕೆ ಸುರಿಯಬೇಡಿ. ಫೋನ್ ಕೆಟ್ಟಿಲ್ಲ. ಎರಡು ತೊಂದರೆಗಳ ಮೂಲವೂ ಒಂದೇ ಅಲ್ಲ.

ಸೇಡಂನಲ್ಲಿ ನನ್ನದು ಸ್ವಲ್ಪ ಹೊಲ, ಜೊತೆಗೆ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಪಹಣಿ ತೆಗೆಸಲು ಬಂದವರು ಫೋನ್ ಚಾಚಿ ಇದೇ ದೂರು ಹೇಳುವುದನ್ನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ.

ಮೊದಲು ಒಂದು ಮಾತು. ನೀವು ಒತ್ತಿದ್ದು ಲಿಂಕನ್ನೋ, ಫೈಲನ್ನೋ? ವಾಟ್ಸಾಪ್‌ನಲ್ಲಿ ನೀಲಿ ಅಕ್ಷರದ ವಿಳಾಸ ಒತ್ತಿದರೆ ಅದು ಬ್ರೌಸರ್‌ಗೆ, ಅಂದರೆ ಕ್ರೋಮ್‌ನಂಥ ವೆಬ್ ಪುಟ ತೋರಿಸುವ ಆಪ್‌ಗೆ, ಹೋಗುತ್ತದೆ. ಯಾರೋ ಫೈಲನ್ನೇ ಕಳಿಸಿದ್ದರೆ ಬ್ರೌಸರ್‌ಗೆ ಅದರ ಸುದ್ದಿಯೇ ಗೊತ್ತಾಗುವುದಿಲ್ಲ. ವಾಟ್ಸಾಪ್ ಅದನ್ನು ನೇರವಾಗಿ ಫೋನನ್ನೇ ನಡೆಸುವ ತಂತ್ರಾಂಶವಾದ ಆಂಡ್ರಾಯ್ಡ್ ಕೈಗೆ ಕೊಡುತ್ತದೆ, ಪಿಡಿಎಫ್ ತೆರೆಯುವವರು ಯಾರಿದ್ದೀರಿ ಎಂದು ಆಂಡ್ರಾಯ್ಡ್ ಕೇಳುತ್ತದೆ. ನೋಡಲು ಎರಡೂ ಒಂದೇ, ಹೋಗುವ ದಾರಿ ಬೇರೆ. ತಂದೆ ಫೈಲ್ ಒತ್ತಿ, ಮಗ ಲಿಂಕ್ ಒತ್ತಿ, ಆಮೇಲೆ ಯಾರ ಫೋನ್ ಒಳ್ಳೆಯದು ಎಂದು ವಾದಿಸಿದ್ದನ್ನು ನನ್ನ ಅಂಗಡಿಯಲ್ಲೇ ಕಂಡಿದ್ದೇನೆ.

ಈಗ ಲಿಂಕಿನ ದಾರಿ. ನಾವೆಲ್ಲ ತಿಳಿದಿರುವುದು, ಹೆಸರಿನ ಕೊನೆಯಲ್ಲಿ ಚುಕ್ಕಿ ಇಟ್ಟು ಪಿಡಿಎಫ್ ಎಂದಿದ್ದರೆ ಅದು ಪಿಡಿಎಫ್ ಎಂದು. ಬ್ರೌಸರ್ ಹಾಗೆ ನಂಬುವುದಿಲ್ಲ. ಆ ಕಡೆಯ ಸರ್ವರ್, ಅಂದರೆ ತಾಣದ ಫೈಲುಗಳನ್ನು ಇಟ್ಟುಕೊಂಡ ಕಂಪ್ಯೂಟರ್, ಮಾಲು ಕಳಿಸುವಾಗ ಜೊತೆಗೆ ಒಂದು ಚೀಟಿಯನ್ನೂ ಕಳಿಸುತ್ತದೆ: ಇದು ವೆಬ್ ಪುಟ, ಇದು ಜೆಪೆಗ್ ಚಿತ್ರ, ಇದು ಪಿಡಿಎಫ್. ಇದಕ್ಕೆ ಕಂಟೆಂಟ್ ಟೈಪ್ ಎನ್ನುತ್ತಾರೆ. 1992ರಲ್ಲಿ ಇಮೇಲ್ ಜೊತೆ ಚಿತ್ರ, ಧ್ವನಿ ಕಳಿಸಲು ಮೈಮ್ ಎಂಬ ಪದ್ಧತಿ ಮಾಡಿದರು. ವೆಬ್ ಅದನ್ನೇ ಎರವಲು ತಂದುಕೊಂಡಿತು. ಬ್ರೌಸರ್ ಚೀಟಿ ಓದಿ, ತಾನೇ ತೋರಿಸಬಲ್ಲದ್ದಾದರೆ ತೋರಿಸುತ್ತದೆ, ಇಲ್ಲವಾದರೆ ಇಳಿಸಿಕೊಂಡು ಬೇರೆ ಆಪ್‌ಗೆ ದಾಟಿಸುತ್ತದೆ. ಚೀಟಿಯಲ್ಲಿ ಇನ್ನೊಂದು ಸಾಲೂ ಇರಬಹುದು: ‘ಇದನ್ನು ತೋರಿಸಬೇಡ, ಇಳಿಸಿಕೋ’ ಎಂದು. ಹಾಗಿದ್ದರೆ ತೋರಿಸಲು ಬರುವ ಫೈಲೂ ಡೌನ್‌ಲೋಡ್ ಆಗುತ್ತದೆ.

ಚೀಟಿಯೇ ಇಲ್ಲದಿದ್ದರೆ? ಅಡತಿ ಅಂಗಡಿಯಲ್ಲಿ ಚೀಲಕ್ಕೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡುತ್ತಾರಲ್ಲ, ಬ್ರೌಸರ್ ಕೂಡ ಫೈಲಿನ ಮೊದಲ ಕೆಲವು ಅಕ್ಷರಗಳನ್ನು ತೆಗೆದು ನೋಡುತ್ತದೆ. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದರ ಹಿಂದೆಯೇ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಜಿಪ್ ಫೈಲ್ ಶುರುವಾಗುವುದು ಪಿ, ಕೆ ಎಂಬ ಎರಡು ಅಕ್ಷರಗಳಿಂದ; ಆ ಪದ್ಧತಿ ಮಾಡಿದ ಫಿಲ್ ಕಾಟ್ಜ್ ತನ್ನ ಹೆಸರಿನ ಮೊದಲಕ್ಷರಗಳನ್ನೇ ಬಿತ್ತಿಹೋಗಿದ್ದಾನೆ. ಆದರೆ ಚೀಟಿಯಲ್ಲಿ ‘ಇದು ವೆಬ್ ಪುಟ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಬ್ರೌಸರ್ ಅದನ್ನು ಪಿಡಿಎಫ್ ಎಂದು ತಿದ್ದಲು ಹೋಗುವುದಿಲ್ಲ. ಒಳಗೆ ತೊಗರಿ ಇದ್ದರೂ ಕಡಲೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ.

ನಿಮ್ಮ ಎರಡನೆಯ ತೊಂದರೆ ಇದೇ. ನೀವು ಹಾಕಿದ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಆ ರಾಶಿಯ ಮೊದಲ ಸಾಲಿನಲ್ಲೇ ಶೇಕಡಾ ಚಿಹ್ನೆ, ಪಿಡಿಎಫ್, 1.4 ಎಂದಿದೆ. ಫೈಲ್ ಸರಿಯಾಗಿದೆ, ಕಳಿಸಿದವರು ಹಚ್ಚಿದ ಚೀಟಿ ತಪ್ಪು. ಇದನ್ನು ನಿಮ್ಮ ಫೋನಿನಲ್ಲಿ ಎಷ್ಟು ತಿರುವಿದರೂ ಸರಿಹೋಗದು. ಆ ತಾಣ ನಡೆಸುವವರು ಸರಿಮಾಡಬೇಕು. ಅವರಿಗೆ ಬರೆಯುವಾಗ ‘ತೆರೆಯುವುದಿಲ್ಲ’ ಎಂದಷ್ಟೇ ಬರೆಯಬೇಡಿ, ‘ಪಿಡಿಎಫ್ ಫೈಲಿಗೆ ಕಂಟೆಂಟ್ ಟೈಪ್ ತಪ್ಪಾಗಿ ಬರುತ್ತಿದೆ’ ಎಂದು ಬರೆಯಿರಿ. ತಿಳಿದವರ ಕೈಗೆ ಆ ಸಾಲು ಸಿಕ್ಕರೆ ಐದು ನಿಮಿಷದ ಕೆಲಸ.

ಮೊದಲನೆಯ ತೊಂದರೆ ಮಾತ್ರ ನಿಮ್ಮ ಫೋನಿನೊಳಗಿನದು. ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ 2013ರಿಂದಲೇ ಪಿಡಿಎಫ್ ಅನ್ನು ತಾನೇ ತೋರಿಸುತ್ತದೆ. ಆಂಡ್ರಾಯ್ಡ್‌ನ ಕ್ರೋಮ್ ಬಹಳ ಕಾಲ ಅದನ್ನು ಇಳಿಸಿ ಬೇರೆ ಆಪ್‌ಗೆ ಕೊಡುತ್ತಿತ್ತು. ಹೊಸ ಫೋನುಗಳಲ್ಲಿ ತಾನೇ ತೋರಿಸುವುದೂ ಉಂಟು. ಬೇರೆ ಆಪ್‌ಗೆ ಕೊಡುವಾಗ ‘ಈ ಸಲ ಮಾತ್ರ’, ‘ಯಾವಾಗಲೂ’ ಎಂದು ಎರಡು ಗುಂಡಿ ಬರುತ್ತವೆ. ಅವಸರದಲ್ಲಿ ಎಂದೋ ನೀವು ಆ ಜಾಹೀರಾತಿನ ಆಪ್‌ಗೆ ‘ಯಾವಾಗಲೂ’ ಒತ್ತಿದ್ದೀರಿ. ನಾಚಿಕೆ ಬೇಡ, ನಾನೂ ಒಮ್ಮೆ ಅಂಗಡಿಯ ಕಂಪ್ಯೂಟರಿನಲ್ಲಿ ಹೀಗೆಯೇ ಪಿಡಿಎಫ್ ಅನ್ನು ಫೋಟೋ ತಿದ್ದುವ ತಂತ್ರಾಂಶಕ್ಕೆ ಕಟ್ಟಿಹಾಕಿ ಇಡೀ ದಿನ ಪ್ರಿಂಟರನ್ನು ಬೈದಿದ್ದೆ.

ಬಿಡಿಸುವುದು ಸುಲಭ. ಸೆಟ್ಟಿಂಗ್ಸ್, ಅದರೊಳಗೆ ಆಪ್ಸ್, ಅಲ್ಲಿ ಆ ಆಪ್‌ನ ಹೆಸರು, ಒಳಗೆ ‘ಓಪನ್ ಬೈ ಡಿಫಾಲ್ಟ್’ ಅಥವಾ ‘ಸೆಟ್ ಆಸ್ ಡಿಫಾಲ್ಟ್’ ಎಂಬ ಸಾಲು, ಅದರಲ್ಲಿ ‘ಕ್ಲಿಯರ್ ಡಿಫಾಲ್ಟ್ಸ್’. ಪದಗಳು ಕಂಪನಿಗೊಂದು ರೀತಿ ಬದಲಾಗುತ್ತವೆ, ಜಾಗ ಹೆಚ್ಚುಕಡಿಮೆ ಇದೇ. ಮುಂದಿನ ಸಲ ಫೋನ್ ಮತ್ತೆ ಕೇಳುತ್ತದೆ, ಆಗ ನಿಮಗೆ ಬೇಕಾದದ್ದನ್ನು ಆರಿಸಿ. ಆ ಆಪ್‌ನಿಂದ ಬೇರೆ ಉಪಯೋಗ ಇಲ್ಲದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿಬಿಡಿ, ಅದೇ ನೆಟ್ಟಗಿನ ದಾರಿ.

ಯೂಟ್ಯೂಬ್ ಲಿಂಕ್ ಬ್ರೌಸರ್‌ಗೆ ಹೋಗದೆ ಆಪ್‌ಗೇ ಏಕೆ ಹೋಗುತ್ತದೆ ಎಂದು ಚಿತ್ತಾಪುರದ ತಮ್ಮ ಕೇಳಿದ್ದರು. ಅಲ್ಲಿ ಚೀಟಿಯ ಮಾತೇ ಬರುವುದಿಲ್ಲ. ಮಾಲು ಬರುವ ಮೊದಲೇ, ವಿಳಾಸ ನೋಡಿಯೇ ಆಂಡ್ರಾಯ್ಡ್ ನಿರ್ಧರಿಸುತ್ತದೆ. ‘ಈ ತಾಣದ ಲಿಂಕುಗಳು ನನಗೆ ಸೇರಿದ್ದು’ ಎಂದು ಆಪ್ ಹೇಳಿಕೊಂಡರೆ ಸಾಲದು, ಆ ತಾಣವೂ ಹೌದೆಂದು ಒಪ್ಪಿರಬೇಕು. 2021ರ ಆಂಡ್ರಾಯ್ಡ್ 12ರಿಂದ ಈ ನಿಯಮ ಬಿಗಿಯಾಯಿತು. ಒಪ್ಪಿಗೆ ಇಲ್ಲದ ಆಪ್‌ಗೆ ಲಿಂಕ್ ಹೋಗಬೇಕಾದರೆ ನಾವೇ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಡಬೇಕು, ಇಲ್ಲವಾದರೆ ಬ್ರೌಸರ್‌ಗೇ ಹೋಗುತ್ತದೆ. ವಿಳಾಸದ ಶುರುವಿನಲ್ಲಿ ‘ಟೆಲ್’ ಎಂದಿದ್ದರೆ ಡಯಲರ್, ‘ಯುಪಿಐ’ ಎಂದಿದ್ದರೆ ಹಣ ಕಳಿಸುವ ಆಪ್. ಕಿಸಾನ್ ಕಾಲ್ ಸೆಂಟರಿನ 1800-180-1551 ಅನ್ನು ಪುಟದಲ್ಲಿ ಒತ್ತಿದರೆ ಸಂಖ್ಯೆ ಡಯಲರಿನಲ್ಲಿ ಬಂದು ನಿಲ್ಲುವುದು ಹೀಗೆಯೇ. ಹಸಿರು ಗುಂಡಿ ಒತ್ತುವುದು ನಿಮ್ಮ ಕೆಲಸ. ಯುಪಿಐ ಲಿಂಕ್ ತೆರೆದು ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ, ಬರುವ ಹಣಕ್ಕೆ ಪಿನ್ ಬೇಡ.

ಇಷ್ಟರಲ್ಲಿ ನಾನು ಹೆದರುವುದು ಒಂದಕ್ಕೇ, ಎಪಿಕೆ, ಅಂದರೆ ಫೋನಿಗೆ ಹೊಸ ಆಪ್ ಹಾಕುವ ಫೈಲ್. ಅದನ್ನು ಒತ್ತಿದರೆ ಆಂಡ್ರಾಯ್ಡ್ ಹುಡುಕುವುದು ಆಪ್ ಸ್ಥಾಪಿಸುವವನನ್ನು. ಸರ್ಕಾರಿ ಯೋಜನೆಯ ಹೆಸರಿಟ್ಟು ಗುಂಪುಗಳಲ್ಲಿ ಇವು ಬರುತ್ತಲೇ ಇವೆ. ‘ಅಪರಿಚಿತ ಮೂಲದಿಂದ ಸ್ಥಾಪಿಸಲು ಅನುಮತಿ ಕೊಡಿ’ ಎಂಬ ಪರದೆ ಬಂದರೆ ಹಿಂದಕ್ಕೆ ಬನ್ನಿ. ಕಳಿಸಿದವರು ನಿಮ್ಮ ಸ್ವಂತ ಅಳಿಯನೇ ಆಗಿರಲಿ, ಅವರ ಫೋನನ್ನೇ ಬೇರೆ ಯಾರೋ ಹಿಡಿದಿರಬಹುದು.

ಬೀಜೋಪಚಾರದ ಆ ಫೈಲನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಸಿಕೊಂಡು, ಹೆಸರಿನ ಕೊನೆಗೆ ಪಿಡಿಎಫ್ ಎಂದು ಸೇರಿಸಿದೆ. ಕಂಪ್ಯೂಟರಿಗೆ ಇಳಿದ ಮೇಲೆ ಚೀಟಿ ಇರುವುದಿಲ್ಲವಲ್ಲ, ಅಲ್ಲಿ ಹೆಸರಿನ ಬಾಲಕ್ಕೇ ಬೆಲೆ. ರೋಗ ತಡೆಯುವ ಶಿಲೀಂಧ್ರ ಟ್ರೈಕೋಡರ್ಮಾವನ್ನು ಬೀಜಕ್ಕೆ ಲೇಪಿಸುವ ಭಾಗ ಚೆನ್ನಾಗಿ ಕಾಣುತ್ತಿದೆ. ಈ ಉತ್ತರದ ಕೆಳಗೇ ಫೈಲನ್ನು ಹಾಕುತ್ತಿದ್ದೇನೆ, ಲಿಂಕನ್ನಲ್ಲ. ಮೊದಲು ಆ ಆಪ್‌ನ ಹಿಡಿತ ಬಿಡಿಸಿ, ಆಮೇಲೆ ಒತ್ತಿ ನೋಡಿ, ಕಾಕಾ. ಫೋನ್ ಕೇಳಿದಾಗ ‘ಈ ಸಲ ಮಾತ್ರ’ ಎಂದೇ ಒತ್ತಿ.