ಫಾರಿನ್ ಕಾರ್ಡಲ್ಲಿ ಬಂದ ಆರ್ಡರ್ ಅಸಲೀನಾ ಅಂತ ಹೇಗೆ ನೋಡೋದು?

ಆನ್‌ಲೈನಲ್ಲಿ ಸೀರೆ ಮಾರ್ತೀವಿ, ಅಮೆರಿಕಾ ಕಾರ್ಡಿಂದ ದೊಡ್ಡ ಆರ್ಡರ್ ಬಂದಿದೆ, ಪೇಮೆಂಟ್ ಸಕ್ಸಸ್ ಅಂತಿದೆ, ಕಳಿಸ್ಬಹುದಾ ಅಂತ ಕೇಳಿದೀರಿ. ಸಕ್ಸಸ್ ಅಂದ ಮಾತ್ರಕ್ಕೆ ದುಡ್ಡು ನಿಮ್ದಾಗಲ್ಲ, ಕಾರ್ಡಿನ ಓನರ್ ನಾನು ತಗೊಂಡೇ ಇಲ್ಲ ಅಂತ ಬ್ಯಾಂಕಿಗೆ ಹೇಳಿದ್ರೆ ಚಾರ್ಜ್‌ಬ್ಯಾಕ್ ಬರುತ್ತೆ, ಅಂದ್ರೆ ಬಂದ ದುಡ್ಡನ್ನ ಬ್ಯಾಂಕು ನಿಮ್ಮಿಂದ ವಾಪಸ್ ತಗೊಳ್ಳುತ್ತೆ, ಅದಕ್ಕೆ ಸಾಮಾನ್ಯವಾಗಿ 120 ದಿನ ಟೈಮಿರುತ್ತೆ, ಅಷ್ಟರಲ್ಲಿ ಸೀರೇನೂ ಹೋಗಿರುತ್ತೆ ದುಡ್ಡೂ ಹೋಗುತ್ತೆ, ಮೇಲೆ ಫೀಸು ಬೇರೆ.

ನಮ್ಮ ಕಾರ್ಡಿಗೆ ಓಟಿಪಿ ಕೇಳೋ ಹಾಗೆ ಹೊರದೇಶದ ಕಾರ್ಡಿಗೆ ಎಲ್ಲಾ ಸಲ ಕೇಳಲ್ಲ, ಎಷ್ಟೋ ಕಡೆ ನಂಬರು, ಸಿವಿವಿ ಇದ್ರೆ ಮುಗೀತು. ಹಾಗಾಗಿ ಮೊದ್ಲು ನಿಮ್ಮ ಪೇಮೆಂಟ್ ತಗೊಳ್ಳೋ ಗೇಟ್‌ವೇಯಲ್ಲಿ 3ಡಿ ಸೆಕ್ಯೂರ್ (ಕಾರ್ಡ್ ಓನರ್ ಅವ್ರೇನಾ ಅಂತ ಅವರ ಬ್ಯಾಂಕೇ ಚೆಕ್ ಮಾಡೋದು) ಆನ್ ಮಾಡ್ಸಿ, ಅದು ಪಾಸಾದ್ರೆ ಕದ್ದ ಕಾರ್ಡಿನ ನಷ್ಟ ಹೆಚ್ಚಾಗಿ ಆ ಕಾರ್ಡ್ ಕೊಟ್ಟ ಬ್ಯಾಂಕಿನ ತಲೆಗೇ ಹೋಗುತ್ತೆ. ಅಮೆರಿಕಾ ಕಾರ್ಡಾದ್ರೆ ಎವಿಎಸ್ (ವಿಳಾಸ ತಾಳೆ ನೋಡೋ ಚೆಕ್) ರಿಸಲ್ಟೂ ನೋಡಿ, ಮನೆ ನಂಬರು, ಜಿಪ್ ಕೋಡು ಬ್ಯಾಂಕಲ್ಲಿರೋದಕ್ಕೆ ತಾಳೆ ಆಗ್ಬೇಕು.

ನನಗೆ ಜಾಸ್ತಿ ಭಯ ಆಗೋದು ಒಂದೇ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ನಾಲ್ಕೈದು ಬೇರೆ ಬೇರೆ ಕಾರ್ಡು ಫೇಲಾಗಿ ಕೊನೇದು ಪಾಸಾಗಿದ್ರೆ, ಅದನ್ನ ಕಳಿಸ್ಲೇಬೇಡಿ. ಆದ್ರೆ ಬಿಲ್ಲಿಂಗ್ ಒಂದು ದೇಶ, ಡೆಲಿವರಿ ಇನ್ನೊಂದು ದೇಶ ಅಂತ ಮಾತ್ರಕ್ಕೆ ಕ್ಯಾನ್ಸಲ್ ಮಾಡೋದು ತಪ್ಪು, ನ್ಯೂಜೆರ್ಸಿಲಿರೋ ಮಗಳು ಮೈಸೂರಲ್ಲಿರೋ ಅಮ್ಮಂಗೆ ಹಬ್ಬಕ್ಕೆ ಸೀರೆ ಕಳಿಸ್ತಾಳಲ್ವಾ. ಅನುಮಾನ ಇದ್ರೆ ಪ್ಯಾಕ್ ಮಾಡೋಕ್ಮುಂಚೆ ಫೋನ್ ಮಾಡಿ ಮಾತಾಡಿ, ಉತ್ತರ ಸರಿ ಬರ್ಲಿಲ್ಲಾಂದ್ರೆ ಆವತ್ತೇ ರೀಫಂಡ್ ಮಾಡ್ಬಿಡಿ.