2009ರ ಡಿಸ್ನಿ ವರ್ಲ್ಡ್ ಮೋನೋರೈಲ್ ಡಿಕ್ಕಿ: ‘ಹಿಂದೆ ರೈಲು ನಿಂತಿದ್ದು ಚಾಲಕನಿಗೆ ಕಾಣಲಿಲ್ಲವೇ?’

ಸುದ್ದಿ ಕೇಳಿದವರಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಆದರೆ ಚಾಲಕನನ್ನು ದೂರುವುದು ಅನ್ಯಾಯ.

2009ರ ಜುಲೈ 5, ನಸುಕಿನ 2 ಗಂಟೆ ಹೊತ್ತು, ಫ್ಲೋರಿಡಾದ ಡಿಸ್ನಿ ವರ್ಲ್ಡ್ ಮನರಂಜನಾ ತಾಣ. ಅಲ್ಲಿನ ಎಪ್ಕಾಟ್ ಉದ್ಯಾನಕ್ಕೆ ಹೋಗುವ ಮಾರ್ಗದಲ್ಲಿದ್ದ ‘ಪಿಂಕ್’ ರೈಲು ಹಿಮ್ಮುಖವಾಗಿ ಪಕ್ಕದ ಮಾರ್ಗಕ್ಕೆ ದಾಟಬೇಕಿತ್ತು. ಮೋನೋರೈಲಿನಲ್ಲಿ ದಾರಿ ಬದಲಾಗಬೇಕಾದರೆ ಹಳಿಯಾಗಿರುವ ತೊಲೆಯ ಒಂದು ತುಂಡೇ ಪಕ್ಕಕ್ಕೆ ಸರಿಯಬೇಕು. ಅಂದು ಅದು ಸರಿದಿರಲಿಲ್ಲ. ರೈಲು ಅದೇ ಮಾರ್ಗದಲ್ಲಿ ಹಿಂದಕ್ಕೆ ಬಂದು, ನಿಲ್ದಾಣದಲ್ಲಿದ್ದ ‘ಪರ್ಪಲ್’ ರೈಲಿಗೆ ಗುದ್ದಿತು. ಪರ್ಪಲ್‌ನ 21 ವರ್ಷದ ಚಾಲಕ ತನ್ನ ಕ್ಯಾಬಿನ್ನಿನಲ್ಲೇ ಸತ್ತ. 1971ರಿಂದ ನಡೆಯುತ್ತಿದ್ದ ಡಿಸ್ನಿ ವರ್ಲ್ಡ್ ಮೋನೋರೈಲ್ ಸೇವೆಯಲ್ಲಿ ಅಪಘಾತದಿಂದಾದ ಮೊದಲ ಸಾವು ಅದೇ.

ಪಿಂಕ್ ಚಾಲಕ ಕೂತಿದ್ದು ಮುಂದಿನ ತುದಿಯಲ್ಲಿ. ಹಿಂದೆ ಆರು ಬೋಗಿ, ಸುಮಾರು 200 ಅಡಿ, ಅದೂ ಕತ್ತಲು. ರೈಲುಗಳ ನಡುವೆ ಅಂತರ ಕಾಯುವ ಸುರಕ್ಷಾ ವ್ಯವಸ್ಥೆಯನ್ನು ಹಿಮ್ಮುಖ ಚಲನೆಗಾಗಿ ಬದಿಗಿಡುವುದೇ ಅಲ್ಲಿನ ರೂಢಿಯಾಗಿತ್ತು. ತೊಲೆ ಸರಿಸಬೇಕಾದ ಸಿಬ್ಬಂದಿ ಸರಿಸಲಿಲ್ಲ. ಅದನ್ನು ಖಚಿತಪಡಿಸದೆ ರೇಡಿಯೋದಲ್ಲಿ ಅನುಮತಿ ಕೊಟ್ಟ ಮ್ಯಾನೇಜರ್ ಆಗ ನಿಯಂತ್ರಣ ಕೇಂದ್ರದಲ್ಲೇ ಇರಲಿಲ್ಲ, ಹೊರಗೆ ಹೋಟೆಲೊಂದರಲ್ಲಿದ್ದರು. ಸ್ಪಷ್ಟ ಲಿಖಿತ ಕಾರ್ಯವಿಧಾನ ಇಲ್ಲದ್ದನ್ನೂ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ಎತ್ತಿ ಹೇಳಿತು.

ಆಮೇಲೆ, ದಿಕ್ಕು ಬದಲಿಸುವಾಗ ಚಾಲಕ ಇನ್ನೊಂದು ತುದಿಯ ಕ್ಯಾಬಿನ್ನಿಗೆ ಹೋಗಿ, ದಾರಿ ನೋಡುತ್ತಲೇ ನಡೆಸುವ ನಿಯಮ ಬಂತು. ಚಾಲಕನ ಪಕ್ಕ ಪ್ರವಾಸಿಗರನ್ನು ಕೂರಿಸುವುದೂ ನಿಂತಿತು. ಮಕ್ಕಳಿಗೆ ಅಚ್ಚುಮೆಚ್ಚಾಗಿದ್ದ ಸೀಟು ಅದು, ನಿಜ. ಆದರೆ ನುಜ್ಜುಗುಜ್ಜಾದದ್ದು ಅಂಥದೇ ಕ್ಯಾಬಿನ್.